ಸೊಲ್ಲಾಪುರಕ್ಕೆ ಹೋದ ಸಿದ್ದಮ್ಮ

“ಆ ಪುಸ್ತಕ ಬರದವರ ಮುಂದ ನಿಮಗ ಒಯ್ದು ನಿಂದರಸ್ತೀನಿ. ನಿಮ್ಮ ಪ್ರಶ್ನಾಕ್ಕ ಅವರ ಬಾಯಿಲೇನೇ ಉತ್ತರ ಕೊಡಸ್ತೀನಿ.”

ಭಾಗಪ್ಪ ಈ ಮಾತು ಕೊಟ್ಟದ್ದು 1980ರಲ್ಲಿ, ಕಮಲಾಪುರದಲ್ಲಿ, ಹೆಣ್ಣು ನೋಡಲು ಹೋದ ದಿನ. ಕೊಡುವಾಗ ಅವನ ಬಾಯಲ್ಲಿ ಅರ್ಧ ಕೆಂಪು ಬಾಳೆಹಣ್ಣಿತ್ತು. ಬಾಯಲ್ಲಿ ತುತ್ತಿದ್ದಾಗ ಮಾತಾಡಬಾರದೆಂದು ಹಿರಿಯರು ಹೇಳುವುದು ಮರ್ಯಾದೆಯ ಸಲುವಾಗಿ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಪ್ರಾಣರಕ್ಷಣೆಯ ಸಲುವಾಗಿ.

ಆದದ್ದು ಇಷ್ಟು. ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಿ ಮುಗಿದ ಮೇಲೆ ಭಾಗಪ್ಪನ ಕಡೆಯ ಹಿರಿಯರೊಬ್ಬರು ಲೋಕಾರೂಢಿಗೆ, “ನೀ ಏನರ ಕೇಳೋದದೇನವ್ವಾ?” ಎಂದರು. ಈ ಪ್ರಶ್ನೆಗೆ ಹುಡುಗಿ ತಲೆ ತಗ್ಗಿಸುವುದು ಪದ್ಧತಿ. ಅನ್ನಮ್ಮ ತಲೆ ಎತ್ತಿದಳು.

“ನಿಮ್ಮ ಮನ್ಯಾಗ ಪುಸ್ತಕ ಅವೇನ್ರಿ?”

ಭಾಗಪ್ಪನ ಮನೆಯಲ್ಲಿ ಒಂದು ಪಂಚಾಂಗವಿತ್ತು, ಅದೂ ಹಿಂದಿನ ವರ್ಷದ್ದು. “ಭಾಳ ಅವ,” ಎಂದ.

“‘ಎರಡನೇ ಬಾವಿ’ ಓದೀರೇನ್ರಿ?”

“ಓದೀನಿ.”

“ಅದನ್ನ ಬರದವರಿಗಿ ಒಂದು ಮಾತು ಕೇಳೋದದ.”

“ಅವರಾ? ನಮಗ ಭಾಳ ಬೇಕಾದವರು. ತಿಂಗಳಾ ಅವರ ಮನಿಗಿ ಹೋಗ್ತೀನಿ.”

ಈ ಮೂರನೆಯ ಸುಳ್ಳಿಗೆ ಒಂದಿಷ್ಟು ಆಧಾರವಿತ್ತು. ಭಾಗಪ್ಪ ಕಲಬುರಗಿಯ ಕರೆಂಟ್ ಆಫೀಸಿನಲ್ಲಿ ಮೀಟರ್ ನೋಡುವ ಕೆಲಸದಲ್ಲಿದ್ದ. ತಿಂಗಳಿಗೊಮ್ಮೆ ಸಾವಿರಾರು ಮನೆಗಳ ಮೆಟ್ಟಿಲು ಹತ್ತಿಳಿಯುತ್ತಿದ್ದ. ಅಷ್ಟರಲ್ಲಿ ಒಬ್ಬ ಸಾಹಿತಿ ಇಲ್ಲದಿರುತ್ತಾನೆಯೇ ಎಂಬುದು ಅವನ ಲೆಕ್ಕ. ಹೀಗೆ ಮಾತು ಕೊಟ್ಟ, ಬಾಳೆಹಣ್ಣು ನುಂಗಿದ, ಮದುವೆಯಾಯಿತು.

ಅನ್ನಮ್ಮ ತವರಿನಿಂದ ತಂದ ಟ್ರಂಕಿನಲ್ಲಿ ಎಲ್ಲಕ್ಕಿಂತ ಕೆಳಗೆ ಆ ಪುಸ್ತಕವಿತ್ತು. ದಪ್ಪ ರಟ್ಟು, ಕಂದು ಬಟ್ಟೆಯ ಬೆನ್ನು, ಬೆನ್ನ ಮೇಲೆ ಕೈಯಲ್ಲಿ ಬರೆದ ಹೆಸರು: ‘ಎರಡನೇ ಬಾವಿ — ಮ. ಗು. ಸಾವಳಗಿ’. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಹಿಂದೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅಲ್ಲಿ ಅವಳ ಸೋದರಮಾವ ರೈಲಿನಲ್ಲಿ ಓದಲೆಂದು ತೆಗೆದುಕೊಂಡು, ರೈಲು ತಪ್ಪಿಸಿಕೊಂಡು, ಬಸ್ಸಿನಲ್ಲಿ ಕಮಲಾಪುರಕ್ಕೆ ಬಂದು ಮರೆತು ಹೋಗಿದ್ದ. ತಿರುಗಿ ಕೊಡುವಷ್ಟರಲ್ಲಿ ಅಂಗಡಿಯೇ ಇರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅನ್ನಮ್ಮ ಓದಿದ್ದು ಇದೊಂದೇ ಕಾದಂಬರಿ. ಆದರೆ ಅದನ್ನು ಎಷ್ಟು ಸಲ ಓದಿದ್ದಳೆಂದರೆ ಬೇರೆಯವರು ಇಡೀ ಲೈಬ್ರರಿ ಓದಿದ್ದಕ್ಕೆ ಸಮ.

ಕಥೆ ಹೀಗಿದೆ. ಸಿದ್ದಮ್ಮ ಎಂಬ ಸೊಸೆ. ಅತ್ತೆಯ ಕಾಟ, ಗಂಡನ ಏಟು. ಮನೆಯ ಹಿಂದೆ ಒಂದು ಬಾವಿ, ಊರ ಹೊರಗೆ ಇನ್ನೊಂದು. ನೂರಾ ಹನ್ನೆರಡನೆಯ ಪುಟದ ಕೊನೆಗೆ ಸಿದ್ದಮ್ಮ ಊರ ಹೊರಗಿನ ಬಾವಿಗೆ ಹೋಗಿ, ಕೊಡವನ್ನು ಕಟ್ಟೆಯ ಮೇಲಿಟ್ಟು, ಒಮ್ಮೆ ತಿರುಗಿ ನೋಡುತ್ತಾಳೆ. ಎದುರಿನ ಪುಟ ನೋಡಿದರೆ, ಸೊಲ್ಲಾಪುರದ ರೈಲ್ವೆ ಸ್ಟೇಶನ್ನಿನಲ್ಲಿ ಶಾರದಾಬಾಯಿ ಎಂಬವಳು ಎರಡನೆಯ ಕಪ್ ಚಹಾ ಕುಡಿಯುತ್ತಿದ್ದಾಳೆ. ಗಂಡನ ಮಾತಿಲ್ಲ, ಅತ್ತೆಯ ಮಾತಿಲ್ಲ, ಬಾವಿಯ ಮಾತಿಲ್ಲ. ಆ ಪುಟದ ನಂಬರು ಮೂವತ್ತಮೂರು.

ಯಾರೇ ಆದರೂ ಇಲ್ಲಿ ಒಂದು ಕ್ಷಣ ಎಡವುತ್ತಾರೆ. ಅನ್ನಮ್ಮ ಎಡವಲಿಲ್ಲ.

“ಸಿದ್ದಮ್ಮನೇ ಶಾರದಾಬಾಯಿ. ಹೆಸರು ಬದಲು ಮಾಡ್ಕೊಂಡಾಳ, ಅಷ್ಟs,” ಎಂದು ಅವಳು ವಿವರಿಸುತ್ತಿದ್ದಳು. “ಹೊಸಾ ಜೀವನ ಸುರು ಮಾಡ್ಯಾಳಲ್ಲಾ, ಅದಕ್ಕ ಪುಟದ ನಂಬರನೂ ಹಿಂದಕ್ಕ ಹೋಗ್ಯಾವ. ಎಂಥಾ ತಲಿ ನೋಡ್ರಿ ಬರದವರದು. ಆಕಿ ಹೆಂಗ ಹೋದಳು, ಯಾರ ಜೋಡಿ ಹೋದಳು, ಒಂದs ಒಂದು ಅಕ್ಷರ ಬರದಿಲ್ಲ. ಇದು ಅವರಿಗಿ ಹೆಂಗ ಹೊಳೀತು ಅಂತ ಕೇಳೋದದ ನನಗ.”

ಕೇಳಿಸುವ ಭಾರ ಹೊತ್ತ ಭಾಗಪ್ಪ ಮೊದಲ ವರ್ಷ, “ಸಾಹಿತಿಗೋಳು ಧಾರವಾಡಕ್ಕ ಹೋಗ್ಯಾರ,” ಎಂದ. ಮರುವರ್ಷ ಅವರಿಗೆ ಕಣ್ಣಿನ ಆಪರೇಶನ್ ಮಾಡಿಸಿದ. ಅದರ ಮುಂದಿನ ವರ್ಷ ಇನ್ನೊಂದು ಕಣ್ಣಿನದು. ಮನುಷ್ಯನಿಗೆ ಕಣ್ಣು ಎರಡೇ ಇರುವುದು ಗಮನಕ್ಕೆ ಬಂದ ಮೇಲೆ ಹಲ್ಲಿಗೆ ಇಳಿದ. ಹಲ್ಲು ಮೂವತ್ತೆರಡು, ಬಹಳ ಅನುಕೂಲ. ಅನ್ನಮ್ಮ ಪ್ರತಿ ಸೋಮವಾರ ಗುಡಿಗೆ ಹೋದಾಗ ಮಕ್ಕಳಿಗೆ ಬುದ್ಧಿ, ಗಂಡನಿಗೆ ಬಡ್ತಿ, ಸಾವಳಗಿಯವರಿಗೆ ಹಲ್ಲು ಬೇಡಿಕೊಂಡು ಬರುತ್ತಿದ್ದಳು. ಬಡ್ತಿಯೊಂದು ಬಂತು.

ಅಷ್ಟರಲ್ಲಿ ಅವರು ಕಲಬುರಗಿಗೆ ಹತ್ತಿದ ಕೋಟನೂರಿನ ಅಂಚಿಗೆ ಎರಡು ಕೋಣೆಯ ಮನೆ ಮಾಡಿದ್ದರು. ಪಕ್ಕದ ಮನೆ ಆಟೋ ಮಕ್ಬೂಲನದು. ಅವನ ಹೆಂಡತಿ ಲತೀಫಾಗೆ ಕನ್ನಡ ಓದಲು ಬಾರದು, ಕೇಳಲು ಚೆನ್ನಾಗಿ ಬರುತ್ತಿತ್ತು. ಅನ್ನಮ್ಮ ಅವಳಿಗೆ ಸಿದ್ದಮ್ಮನ ಕಥೆ ಹೇಳಿದಳು, ಲತೀಫಾ ನಲ್ಲಿಯ ಬಳಿ ಉಳಿದವರಿಗೆ ಹೇಳಿದಳು. ಆ ಓಣಿಯಲ್ಲಿ ‘ಸೊಲ್ಲಾಪುರ’ ಎಂಬುದು ಊರಾಗಿ ಉಳಿಯಲಿಲ್ಲ. ಮಕ್ಬೂಲ ಹೆಂಡತಿಯ ಬೆಳ್ಳಿ ಕಾಲ್ಗಡಗ ಮಾರಿ ಆಟೋಕ್ಕೆ ಟೇಪ್ ರೆಕಾರ್ಡರ್ ಹಾಕಿಸಿದಾಗ ಲತೀಫಾ ಕೂಗಾಡಲಿಲ್ಲ. “ಮೈ ಸೊಲ್ಲಾಪುರ್ ಜಾತಿಯೂಂ, ಸೊಲ್ಲಾಪುರಕ್ಕ ಹೊಂಟೆ,” ಎಂದಳು, ಅಷ್ಟೆ. ಮರುದಿನ ಕಾಲ್ಗಡಗ ಮನೆಗೆ ಬಂತು, ಟೇಪ್ ರೆಕಾರ್ಡರ್ ಸೂಪರ್ ಮಾರ್ಕೆಟ್ಟಿನ ಅಂಗಡಿಗೆ ತಿರುಗಿ ಹೋಯಿತು. ಓಣಿಯ ಗಂಡಸರು ಸೊಲ್ಲಾಪುರದ ಚಾದರ ಕೊಳ್ಳುವುದನ್ನೂ ಬಿಟ್ಟರು.

1993ರಲ್ಲಿ ಸಾವಳಗಿಯವರಿಗೆ ದೊಡ್ಡ ಪ್ರಶಸ್ತಿ ಬಂತು. ಕಲಬುರಗಿಯ ಸಿಮೆಂಟ್ ವ್ಯಾಪಾರಿ ದೌಲಪ್ಪನವರು ಅಭಿನಂದನಾ ಸಮಿತಿ ಕಟ್ಟಿದರು. ಅಧ್ಯಕ್ಷರೂ ಅವರೇ, ಶಾಮಿಯಾನದವನೂ ಅವರ ಅಳಿಯನೇ. ಪೇಪರಿನಲ್ಲಿ ಫೋಟೋ ಬಂದ ದಿನ ಅನ್ನಮ್ಮ ಅದನ್ನು ಗಂಡನ ತಾಟಿನ ಪಕ್ಕದಲ್ಲಿಟ್ಟಳು.

“ಹಲ್ಲೆಲ್ಲಾ ಚೊಲೋ ಅವ ನೋಡ್ರಿ ಇವರವು.”

“ಕಟ್ಟಿಸಿದ್ದು,” ಎಂದ ಭಾಗಪ್ಪ.

“ಐತವಾರ ಊಟಕ್ಕ ಕರೀರಿ. ನಮ್ಮವ್ವಗ ಹೇಳಿ ಕಳಸೀನಿ, ಕಮಲಾಪುರದಿಂದ ಬರ್ತಾಳ.”

“ಐತವಾರ ಸಂಜಿಗಿ ಅವರ ಸತ್ಕಾರ ಅದ.”

“ಮಧ್ಯಾಹ್ನ ಉಣ್ಣೂದಿಲ್ಲೇನು ಅವರು? ತಿಂಗಳಾ ಮನಿಗಿ ಹೋಗವರು ನೀವು. ನಿಮ್ಮ ಮಾತು ತಗದು ಹಾಕ್ತಾರಾ?”

ತೆಗೆದುಹಾಕಲು ಮೊದಲು ಮಾತು ಅವರನ್ನು ಮುಟ್ಟಬೇಕಲ್ಲ. ಶನಿವಾರ ಮಧ್ಯಾಹ್ನ ಭಾಗಪ್ಪ ಸಾವಳಗಿಯವರು ಇಳಿದುಕೊಂಡಿದ್ದ ಸ್ಟೇಶನ್ ಬಜಾರದ ಲಾಡ್ಜಿಗೆ ಹೋಗಿ, ಬಾಗಿಲ ಹೊರಗೆ ನಿಂತು, ಮಾತನ್ನು ಬಾಯಲ್ಲೇ ಹೊಂದಿಸತೊಡಗಿದ. “ನಾನು ನಿಮಗ ಗೊತ್ತಿಲ್ಲ, ಆದರ ಗೊತ್ತಿದ್ದೀನಿ ಅಂತ ಹೇಳಬೇಕು.” ಇದನ್ನು ಎಷ್ಟು ಸಲ ಹೊರಳಿಸಿದರೂ ಹುಚ್ಚಾಸ್ಪತ್ರೆಯ ಮಾತಿನಂತೆಯೇ ಕೇಳುತ್ತಿತ್ತು. ಅಷ್ಟರಲ್ಲಿ ಒಳಗೆ ಫ್ಯಾನು ನಿಂತಿತು. ಮೇ ತಿಂಗಳು. ಬಾಗಿಲು ತಾನಾಗಿ ತೆರೆಯಿತು. ಬನಿಯನ್ನಿನಲ್ಲಿದ್ದ ಎತ್ತರದ ಮುದುಕರು ಬೆವರು ಒರೆಸುತ್ತ, “ಯಾರಪಾ ನೀ? ಕರೆಂಟಿನವನಾ?” ಎಂದರು.

ಜೀವನದಲ್ಲಿ ಮೊದಲ ಸಲ ಭಾಗಪ್ಪ ಖರೇ ಹೇಳಿ ಗೆದ್ದ. “ಹೌದ್ರಿ,” ಎಂದ. ಫ್ಯೂಜ್ ಹಾಕಿದ. ಫ್ಯಾನು ತಿರುಗಿತು. ಸಾವಳಗಿಯವರು ಮಂಚದ ಮೇಲೆ ಕೂತು ಅವನನ್ನು ದೇವರಂತೆ ನೋಡಿದರು. ಆ ಕೃಪೆ ಆರುವ ಮೊದಲೇ ಭಾಗಪ್ಪ ಎಲ್ಲವನ್ನೂ ಹೇಳಿಬಿಟ್ಟ: ಹೆಣ್ಣು ನೋಡಿದ್ದು, ಮಾತು ಕೊಟ್ಟದ್ದು, ಕಣ್ಣು, ಹಲ್ಲು.

“ಧಾರವಾಡಕ್ಕ ಹೋದದ್ದು ಖರೇನೇ,” ಎಂದರು ಸಾವಳಗಿ. “ಮೂವತ್ತು ವರ್ಷ ಅಲ್ಲೇ ಮಾಸ್ತರಕಿ ಮಾಡೀನಿ. ಹಲ್ಲಿಂದು ಮಾತ್ರ ನನಗ ಬೇಜಾರಾತು. ಊಟಕ್ಕೇನು ಮಾಡ್ತಾರ?”

“ಬಿಸಿ ರೊಟ್ಟಿ, ಪುಂಡಿಪಲ್ಯ.”

“ಇಲ್ಲಿ ದೌಲಪ್ಪನೋರು ಮೂರು ಹೊತ್ತೂ ಪೂರಿ ಕಳಸ್ಲಿಕತ್ತಾರ. ಬರ್ತೀನಿ.”

ಇಲ್ಲಿಗೆ ಎದ್ದುಬಂದಿದ್ದರೆ ಭಾಗಪ್ಪ ಸುಖವಾಗಿರುತ್ತಿದ್ದ. ಆದರೆ ಸಾಹಿತಿಯ ಮನೆಗೆ ತಿಂಗಳಾ ಹೋಗುವವನು ಒಂದು ಮಾತಾದರೂ ಹೊಗಳಬೇಡವೇ? ಪುಸ್ತಕ ಅವನು ತೆರೆದಿರಲಿಲ್ಲ, ಹೆಂಡತಿಯ ಬಾಯಿಂದ ಕೇಳಿದ್ದನ್ನೇ ಹೇಳಿದ. “ಆ ಸಿದ್ದಮ್ಮ ಸೊಲ್ಲಾಪುರದಾಗ ಚಹಾ ಕುಡೀತಾಳಲ್ರೀ, ಭಾಳ ಚಂದ ಬರದೀರಿ.”

“ಯಾರು?”

“ಸಿದ್ದಮ್ಮ.”

“ಎಲ್ಲಿ?”

“ಸೊಲ್ಲಾಪುರದಾಗ.”

ಸಾವಳಗಿಯವರು ಚೀಲದಿಂದ ಹೊಸ ಮುದ್ರಣದ ಪುಸ್ತಕ ತೆಗೆದು, ನೂರಾ ಹನ್ನೆರಡನೆಯ ಪುಟ ತೆರೆದು, ಅವನ ತೊಡೆಯ ಮೇಲಿಟ್ಟರು. ಭಾಗಪ್ಪ ಎದುರಿನ ಪುಟ ನೋಡಿದ. ಅದು ನೂರಾ ಹದಿಮೂರು. ಸೊಲ್ಲಾಪುರ ಇರಲಿಲ್ಲ. ಸಿದ್ದಮ್ಮ ಬಾವಿಗೆ ಬಿದ್ದಿದ್ದಳು. ನೂರಾ ಹದಿನೈದಕ್ಕೆ ಹಗ್ಗ ತಂದರು. ನೂರಾ ಹದಿನಾರಕ್ಕೆ ಮೇಲೆತ್ತಿದರು. ಉಳಿದ ಪುಟಗಳೆಲ್ಲ ಊರಿನವರ ಮಾತು.

“ಬಾಡಿಗಿ ಅಂಗಡೀ ಪುಸ್ತಕೇನು ನಿಮ್ಮದು?” ಎಂದರು ಸಾವಳಗಿ. “ಅವರು ಅರ್ಧ ಹರದದ್ದು ಒಂದು, ಅರ್ಧ ಹರದದ್ದು ಇನ್ನೊಂದು, ಅಳತಿ ಕೂಡಿದ್ರ ಸಾಕು, ಸೇರಿಸಿ ಒಂದs ರಟ್ಟು ಹಾಕ್ತಿದ್ರು. ಬಾಡಿಗಿ ಬರಬೇಕಲ್ಲ. ಬೇರೆ ಯಾರದೋ ಪುಸ್ತಕದ ಬಾಲ ಹತ್ತಿಸ್ಯಾರ ನನ್ನದಕ್ಕ.”

ಭಾಗಪ್ಪ ಪುಸ್ತಕ ಮುಚ್ಚಿದ. “ಸಾಹೇಬ್ರ, ಆಕಿನ್ನ ಹೊರಗ ತಗೀರಿ.”

“ನೂರಾ ಹದಿನಾರಕ್ಕ ತಗದೀನಲ್ಲ.”

“ಹಂಗಲ್ರಿ. ಜೀವಂತ ತಗೀರಿ.”

“ಏಳನೇ ಮುದ್ರಣ ಆಗ್ಯದ ತಮ್ಮಾ. ಬಿ.ಎ. ಹುಡುಗರಿಗಿ ಪಠ್ಯ ಅದ. ಆಕಿ ಯಾಕ ಸತ್ತಳು ಅಂತ ಹತ್ತು ಮಾರ್ಕಿಗಿ ಬರದು ಪಾಸಾಗ್ಯಾರ. ಈಗ ಬದುಕ್ಯಾಳ ಅಂದ್ರ ಅವರನ್ನೆಲ್ಲಾ ನಾಪಾಸ್ ಮಾಡಬೇಕಾಗ್ತದ.”

“ನಾಳಿ ಒಂದು ಮಧ್ಯಾಹ್ನ ಮಟ್ಟಿಗಾದರೂ…”

“ಸುಳ್ಳು ಹೇಳಂತೀ? ಇಷ್ಟು ವರ್ಷ ಕಾದಂಬರಿ ಬರದೀನಿ, ಒಂದು ಸುಳ್ಳು ಹೇಳಿಲ್ಲ.”

ಭಾಗಪ್ಪನಿಗೆ ವಾದ ಮಾಡಲು ಬರುತ್ತಿರಲಿಲ್ಲ. ಬಿಲ್ಲು ಹೆಚ್ಚು ಬಂತೆಂದು ಜನ ಜಗಳಕ್ಕೆ ಬಂದಾಗಲೂ ಅವನು ಮೀಟರಿನ ಕಡೆ ಬೆರಳು ತೋರಿಸಿ ಸುಮ್ಮನಿರುತ್ತಿದ್ದ. ಈಗಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ನಮ್ಮ ಬಾಜೂ ಮನ್ಯಾಗ ಲತೀಫಾ ಅಂತ ಅದಾಳ್ರಿ. ಆಕಿಗಿ ಎರಡನೇ ಕೂಸೂ ಹೋತು. ಅವರತ್ತಿ ಏನೇನೋ ಅಂದಳಂತ. ಒಂದಿನ ಮುಂಜಾನಿ ನಮ್ಮೂರ ಹಳೀ ಬಾವಿ ಕಟ್ಟೀ ಮ್ಯಾಲ ಭಾಳೊತ್ತು ಕುಂತಿದ್ದಳು. ನಮ್ಮಾಕಿ ಹೋಗಿ ಬಾಜೂಕ ಕುಂತು ಈ ಕತೀನೇ ಹೇಳಿದಳು. ಪೂರಾ ಹೇಳಿದಳ್ರಿ, ಚಹಾ ಕುಡಿಯೂತನಾ. ಆಮ್ಯಾಲ ಹಾಲಿನವ ಬಂದ, ಇಬ್ಬರೂ ಎದ್ದು ಬಂದರು. ನಾಳಿ ಆಕೀನೂ ಬರ್ತಾಳ ಕೇಳ್ಲಿಕ್ಕ.”

ಸಾವಳಗಿಯವರು ಪುಸ್ತಕವನ್ನು ತಿರುಗಿ ಚೀಲಕ್ಕೆ ಹಾಕಿದರು.

“ಎಲ್ಲಾರೂ ಸ್ಫೂರ್ತಿ ಏನು, ಸ್ಫೂರ್ತಿ ಏನು ಅಂತ ಕೇಳ್ತಾರ,” ಎಂದರು. “ಸಮಾಜ ಅಂತ ಹೇಳ್ತೀನಿ. ನಾಳಿ ಸಂಜೀಗೂ ಅದs ಹೇಳ್ತೀನಿ. ಸಮಾಜ ಅಲ್ಲ. ನಮ್ಮ ಚಿಗವ್ವ. ನನಗ ಆವಾಗ ಒಂಬತ್ತು ವರ್ಷ. ನೀರಿಗಿ ಹೋದಾಕಿ ಬರಲಿಲ್ಲ.”

ಫ್ಯೂಜ್ ಹಾಕುವುದಷ್ಟೇ ಗೊತ್ತಿದ್ದ ಭಾಗಪ್ಪ ಇದಕ್ಕೇನು ಹಾಕಬೇಕೆಂದು ತಿಳಿಯದೆ, “ಊಟಕ್ಕ ಒಂದು ಗಂಟೀಕ ಬರ್ರಿ,” ಎಂದು ಎದ್ದ. ಆ ಸುಳ್ಳು ಹೇಳುತ್ತೇನೆಂದಾಗಲಿ ಹೇಳುವುದಿಲ್ಲವೆಂದಾಗಲಿ ಅವರು ಅನ್ನಲಿಲ್ಲ. ಇಷ್ಟು ವರ್ಷ ಓಣಿಯಲ್ಲಿ ಆರೋಗ್ಯವಾಗಿದ್ದ ಸಿದ್ದಮ್ಮ ನಾಳೆ ತನ್ನ ಪಡಸಾಲೆಯಲ್ಲಿ, ತನ್ನ ಕೈಯಾರೆ ಕರೆತಂದ ಅತಿಥಿಯ ಕೈಯಲ್ಲಿ ಸಾಯುತ್ತಾಳೆಂಬ ವಿಚಾರ ಹೊತ್ತುಕೊಂಡು ಭಾಗಪ್ಪ ಸೈಕಲ್ ತುಳಿದ.

ಐತವಾರ ಮನೆ ಮದುವೆಮನೆಯಾಯಿತು. ಅತ್ತೆ ದುಂಡಮ್ಮ ಕಮಲಾಪುರದಿಂದ ಬಂದವಳೇ ಅಳಿಯನನ್ನು ನೋಡಿ, “ನಿಮ್ಮ ಮಾರಿಗಿ ಏನಾಗ್ಯದ ಅಳಿಯಂದ್ರೇ? ಊಟಕ್ಕ ಕರದದ್ದು ಸಾಹಿತಿಗೋ, ಸಾಲದವರಿಗೋ?” ಎಂದಳು. ಲತೀಫಾ ಹೊಸ ದುಪಟ್ಟಾ ಹೊದ್ದು ಬಾಗಿಲ ಬಳಿ ಗೋಡೆಗೆ ಒರಗಿದಳು. ಅಂಗಳದಲ್ಲಿ ನಲ್ಲಿಯ ಬಳಗವೆಲ್ಲ ನೆರೆಯಿತು. ಪುಸ್ತಕವನ್ನು ಅಡಗಿಸಿಡಲು ಭಾಗಪ್ಪ ಟ್ರಂಕಿನ ಬಳಿ ಹೋಗಿ ನೋಡಿದರೆ ಅದಾಗಲೇ ಸ್ಟೂಲಿನ ಮೇಲೆ, ಕಸೂತಿ ಬಟ್ಟೆಯ ಮೇಲೆ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಮಕ್ಬೂಲನ ಆಟೋ ಬಂತು. ಇಳಿಯುವಾಗಲೇ ಸಾವಳಗಿಯವರು, “ಏನಪಾ ಭಾಗಪ್ಪ, ಹೋದ ತಿಂಗಳ ಯಾಕ ಬರಲಿಲ್ಲ ಮನಿಗಿ?” ಎಂದರು. ಭಾಗಪ್ಪನ ಕಣ್ಣಲ್ಲಿ ನೀರು ಬಂತು. ಒಂದು ಸುಳ್ಳು ಹೇಳಿದವರು ಎರಡನೆಯದನ್ನೂ ಹೇಳಬಹುದೆಂಬ ಆಸೆ ಮನುಷ್ಯನನ್ನು ಎಷ್ಟು ಕುಣಿಸುತ್ತದೆ.

ಊಟವಾಯಿತು. ಸಾಹಿತಿಗಳು ನಾಲ್ಕು ರೊಟ್ಟಿ ಕಟಕಟ ಕಡಿದರು. ಪ್ರತಿ ಸದ್ದಿಗೂ ಅನ್ನಮ್ಮ ಗಂಡನ ಕಡೆ ನೋಡಿದಳು, ಗಂಡ ಗೋಡೆಯ ಕಡೆ ನೋಡಿದ. ಕೈ ತೊಳೆದು ಕೂತ ಮೇಲೆ ಅವಳು ಪುಸ್ತಕ ತಂದು ಅವರ ಕೈಗಿಟ್ಟು ಸೆರಗು ಸರಿಮಾಡಿಕೊಂಡಳು.

“ಲಗ್ನಕ್ಕಿಂತ ಮೊದಲೇ ಕೇಳಬೇಕು ಅಂದಿದ್ದೆ ರೀ. ಸಿದ್ದಮ್ಮ ಬಾವಿ ಕಟ್ಟೀ ಮ್ಯಾಲ ಕೊಡಾ ಇಟ್ಟಾಕಿ, ಹಂಗs ಎದ್ದು ಸೊಲ್ಲಾಪುರಕ್ಕ ಹೋದಳಲ್ಲ, ಅದು ನಿಮಗ ಹೆಂಗ ಹೊಳೀತ್ರಿ? ಎಲ್ಲಾ ಕತ್ಯಾಗೂ ಅಂಥಾಕಿ ಬಾವಿಗೇ ಹಾರ್ತಾಳ. ನೀವೊಬ್ಬರೇ ನೋಡ್ರಿ ಕಳಿಸಿ ಕೊಟ್ಟವರು.”

ಅಂಗಳದಲ್ಲಿದ್ದ ಮಕ್ಬೂಲ ಹೊಸ್ತಿಲ ತನಕ ಸರಿದು ಬಂದ.

ಸಾವಳಗಿಯವರು ನೂರಾ ಹನ್ನೆರಡು ತೆರೆದರು. ತಾವು ಬರೆದ ಕೊನೆಯ ಸಾಲನ್ನು ಓದಿದರು. ಎರಡು ಪುಸ್ತಕ ಕೂಡಿದಲ್ಲಿ ದಾರ ಕಾಣುತ್ತಿತ್ತು, ಒಂದು ಕಡೆ ಹಾಳೆ ಬಿಳಿ, ಇನ್ನೊಂದು ಕಡೆ ಸ್ವಲ್ಪ ಹಳದಿ. ಅದರ ಮೇಲೆ ಬೆರಳಾಡಿಸಿದರು. ಎದುರಿನ ಮೂವತ್ತಮೂರನ್ನು ಓದಿದರು. ಪುಟ ತಿರುವಿದರು. ತಲೆ ಎತ್ತಿ ಬಾಗಿಲ ಬಳಿ ಇದ್ದ ಲತೀಫಾಳನ್ನು ನೋಡಿದರು. ಬಾಯಿ ತೆರೆದರು. ಭಾಗಪ್ಪ ಕಣ್ಣು ಮುಚ್ಚಿದ.

“ಎರಡನೇ ಕಪ್ ಚಹಾ ಕುಡದಳು,” ಎಂದರು ಸಾವಳಗಿ. “ಮುಂದೇನು ಮಾಡಿದಳವ್ವಾ ಆಕಿ?”

ಅನ್ನಮ್ಮನಿಗೆ ಅರ್ಥವಾಗಲಿಲ್ಲ. “ನೀವs ಬರದೀರಲ್ರೀ.”

“ನೀ ಹೇಳು. ನಿನ್ನ ಬಾಯಿಲೆ ಕೇಳಬೇಕು ನಾ.”

ಅನ್ನಮ್ಮ ಗಂಡನ ಕಡೆ ಬಾಗಿ, “ಪಾಪ, ವಯಸ್ಸಾಗ್ಯದ, ಮರವು ಬಂದದ ಅವರಿಗಿ,” ಎಂದು ಪಿಸುಗುಟ್ಟಿದಳು. ಆಮೇಲೆ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಸುರುಮಾಡಿದಳು. ಚಹಾದವನು ರೊಕ್ಕ ಬೇಡವೆಂದರೂ ಶಾರದಾಬಾಯಿ ಕೊಟ್ಟೇ ಎದ್ದದ್ದು, ಚಾದರದ ಕಾರ್ಖಾನೆಯಲ್ಲಿ ಕೆಲಸ ಕೇಳಿದ್ದು, ಮೊದಲ ವಾರ ಮಗ್ಗದ ಸದ್ದಿಗೆ ನಿದ್ದೆ ಬಾರದೆ ಒದ್ದಾಡಿದ್ದು, ಆಮೇಲೆ ಆ ಸದ್ದಿಲ್ಲದಿದ್ದರೆ ನಿದ್ದೆ ಬಾರದಂತಾದದ್ದು.

“ಖೋಲಿ ಬಾಡಿಗಿ ಹಿಡದದ್ದು ಬಿಟ್ಟಿ, ಭಾಭಿ,” ಎಂದಳು ಲತೀಫಾ.

“ಹಾಂ, ಖೋಲಿ. ಕಿಡಕಿ ಇದ್ದ ಖೋಲೀನೇ ಬೇಕು ಅಂದಳ್ರಿ. ಮಾಲಕ, ಒಬ್ಬಾಕಿಗಿ ಕಿಡಕಿ ಯಾಕಂದ.”

“ಆಕಿ ಏನಂದಳು?”

“ಹೊರಗ ನೋಡ್ಲಿಕ್ಕ ಅಂದಳ್ರಿ. ಮತ್ಯಾಕ?”

ಸಾವಳಗಿಯವರು ನಕ್ಕರು. ನಗುತ್ತ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಕನ್ನಡಕಕ್ಕಿಂತ ಹೆಚ್ಚು ಹೊತ್ತು ಮುಖ ಒರೆಸಿದರು. “ಮುಂದ?” ಎಂದರು.

ಐದು ಗಂಟೆಗೆ ದೌಲಪ್ಪನವರು ಜೀಪಿನಲ್ಲಿ ಹುಡುಕಿಕೊಂಡು ಬಂದರು. ಕೈಯಲ್ಲಿ ಗಂಧದ ಹಾರ, ಹಿಂದೆ ಇಬ್ಬರು ಕಾರ್ಯದರ್ಶಿಗಳು. “ಸರ್, ಸ್ಟೇಜಿನ ಮ್ಯಾಲ ಮಂತ್ರಿಗೋಳು ಕುಂತಾರ, ಜನಾ ತುಂಬ್ಯದ, ನೀವಿಲ್ಲಿ—” ಎನ್ನುತ್ತಿದ್ದವರನ್ನು ದುಂಡಮ್ಮ ಹೊಸ್ತಿಲಲ್ಲೇ ತಡೆದಳು.

“ಹಗೂರ ಮಾತಾಡ್ರಿ ಯಪ್ಪಾ. ಆಕಿಗಿ ಈಗ ಪಗಾರ ಆಗ್ಯದ.”

“ಯಾರಿಗಿ?”

“ಕುಂದರ್ರಿ, ಗೊತ್ತಾಗ್ತದ.”

ದೌಲಪ್ಪನವರು ಹಾರ ಹಿಡಿದುಕೊಂಡೇ ಕೂತರು. ಮುಗಿದಾಗ ಆರು ದಾಟಿತ್ತು. ಸಾವಳಗಿಯವರು ಪುಸ್ತಕವನ್ನು ಎರಡೂ ಕೈಯಿಂದ ಅನ್ನಮ್ಮನಿಗೆ ತಿರುಗಿ ಕೊಟ್ಟು, ಜೀಪು ಹತ್ತಿದರು. ಆ ಸಂಜೆ ಸ್ಟೇಜಿನ ಮೇಲೆ ಅವರ ಕೃತಿಗಳಿಗೆ ಸ್ಫೂರ್ತಿ ಏನೆಂದು ದೌಲಪ್ಪನವರು ಕೇಳಿದರು. ಅವರು ಸಮಾಜ ಎಂದರು.

ಇತ್ತ ಅನ್ನಮ್ಮ ಪಾತ್ರೆ ತಿಕ್ಕುತ್ತ, “ಎಲ್ಲಾ ನಾನs ಹೇಳಿದೆ, ಅವರು ಏನೂ ಹೇಳಲೇ ಇಲ್ಲ ನೋಡ್ರಿ,” ಎಂದಳು.

“ಹೌದು,” ಎಂದ ಭಾಗಪ್ಪ.

ಬರೆದವರ ಮುಂದೆ ನಿಲ್ಲಿಸಿ ಉತ್ತರ ಕೊಡಿಸುತ್ತೇನೆಂದು ಅವನು ಕಮಲಾಪುರದಲ್ಲಿ ಮಾತು ಕೊಟ್ಟಿದ್ದ. ಉತ್ತರ ಕೊಡಿಸಲಿಲ್ಲ.